ಶುಕ್ರವಾರದ ಅಲಗು

ಷಾಬಾನ್ 8, ಶುಕ್ರವಾರ

ನಿನ್ನೆ ಸಂಜೆ ನನ್ನ ಮದುವೆಯಾಯಿತು. ಮದುಮಗ ಬರಲಿಲ್ಲ, ಅವನ ಕೆರಿಸ್ ಕಠಾರಿ ಬಂತು.

ಮದುಮಗ ದೆರಮಾನ್ ಹಡಗು ನಡೆಸುವ ತಂಡೇಲ, ಒಣಮೀನು ತುಂಬಿಕೊಂಡು ಸಿಯಾಮಿನ ಕಡೆ ಹೋದವನು ಇನ್ನೂ ತಿರುಗಿ ಬಂದಿಲ್ಲ. ಈ ವರ್ಷ ಗಾಳಿ ಬೇಗ ತಿರುಗಿದೆ. ದಿನ ಮುಂದೆ ಹಾಕೋಣವೆಂದರೆ ಅಪ್ಪ ಅಮ್ಮ ಹಜ್‌ಗೆ ಗಂಟುಮೂಟೆ ಕಟ್ಟಿ ನಿಂತಿದ್ದಾರೆ. ಬೆಳೆದ ಮಗಳನ್ನು ಯಾರ ಮನೆಯಲ್ಲಿ ಬಿಟ್ಟು ಹೋಗುವುದು ಎಂದು ಅಪ್ಪನ ಚಿಂತೆ. ಕೊನೆಗೆ ಮದುಮಗನ ಸೋದರಮಾವ ಉಸೋಫ್ ಅವನ ಪರವಾಗಿ ನಿಕಾಹ್ ಒಪ್ಪಿಕೊಂಡರು. ಮದುವೆಯ ಪೀಠದ ಮೇಲೆ ನನ್ನ ಪಕ್ಕದ ದಿಂಬಿನಲ್ಲಿ ಹಳದಿ ರೇಷ್ಮೆ ಹಾಸಿ ಕೆರಿಸ್ ಕೂರಿಸಿದರು. ತಡವಾದರೆ ಇದನ್ನೇ ಕೂರಿಸಿ ಎಂದು ಆ ಮನುಷ್ಯ ಹಡಗು ಹತ್ತುವ ಮೊದಲೇ ಹೇಳಿದ್ದನಂತೆ. ಹಿಂದೆ ಅರಮನೆಯವರು ಮಾಡುತ್ತಿದ್ದದ್ದನ್ನು ಈಗ ಮೀನಿನವರೂ ಶುರು ಮಾಡಿದರು ಎಂದು ಚಿಕ್ಕಮ್ಮ ಮೂಗು ಮುರಿದಳು.

"ಅದೃಷ್ಟವಂತೆ ಕಣೇ ಸೆಪಿಯಾ, ನಿನ್ನ ಗಂಡ ಗೊರಕೆ ಹೊಡೆಯಲ್ಲ," ಎಂದು ಗೆಳತಿಯರು ಕಿವಿಯಲ್ಲಿ ಉಸುರಿದರು. ನಾನು ನಗಲಿಲ್ಲ. ಅದರ ಹಿಡಿ ಮಿಂಚುಳ್ಳಿಯ ತಲೆಯಂತೆ ಕೆತ್ತಿದ್ದು, ಉದ್ದ ಕೊಕ್ಕು ನನ್ನ ಕಡೆಗೇ ತಿರುಗಿತ್ತು. ಜನ ಬಂದು ಅಕ್ಕಿ ಎರಚಿದಾಗ ಒಂದೆರಡು ಕಾಳು ಆ ಕೊಕ್ಕಿನ ಮೇಲೆ ನಿಂತವು, ಕೆಳಗೆ ಬೀಳಲೇ ಇಲ್ಲ. ಅಜ್ಜಿ ಕೊಟ್ಟ, ಹುಂಜದ ಬಾಲದಂತೆ ಬಾಗಿದ ಪುಟ್ಟ ಚೂರಿ ತುರುಬಿನೊಳಗೆ ಇತ್ತು. ಅದೊಂದೇ ಧೈರ್ಯ.

ಪಟ್ಟಣದ ಶಾಲೆಯಲ್ಲಿ ಚಿಕ್ಕ ಹುಡುಗಿಯರಿಗೆ ಅಕ್ಷರ ಹೇಳಿಕೊಡುತ್ತಿದ್ದವಳು ನಾನು. ಆ ಮನುಷ್ಯ ಬಾರದೇ ಹೋದರೆ ನನ್ನನ್ನು ಮತ್ತೆ ಶಾಲೆಗೆ ಕಳಿಸಬಹುದಲ್ಲವೇ ಎಂದು ಪೀಠದ ಮೇಲೆ ಕೂತೇ ಯೋಚಿಸಿದೆ. ಅಲ್ಲಾಹ್ ಕ್ಷಮಿಸಲಿ. ಈ ಪುಸ್ತಕ ಯಾರ ಕಣ್ಣಿಗೂ ಬೀಳದಿರಲಿ.

ಷಾಬಾನ್ 15, ಶುಕ್ರವಾರ

ಅಪ್ಪ ಅಮ್ಮ ಹೊರಟುಹೋದರು. ನಾನೀಗ ಕಡಲ ದಂಡೆಯ ಈ ಮನೆಯಲ್ಲಿ, ಅತ್ತೆಯ ಜೊತೆ. ಅತ್ತೆಯ ಹೆಸರು ಬೆದಾ. ಆಕೆಯ ಗಂಟಲು ಊರಿಗೆಲ್ಲ ಕೇಳುತ್ತದೆ. ಕೋಳಿಗೂ ಬೈಗುಳ, ಗಾಳಿಗೂ ಬೈಗುಳ. ಮನೆ ತುಂಬ ಒಣಮೀನಿನ ನಾತ.

ಬೆಳಿಗ್ಗೆ ನಮಾಜಾದ ಮೇಲೆ ನನ್ನನ್ನು ನಡುಕೋಣೆಗೆ ಕರೆದು ಕಂಬದ ಮೇಲಿನ ಕೆರಿಸ್ ತೋರಿಸಿದರು.

"ತೆಗಿ. ತೆಗೆದು ಅಲಗು ಹೇಗಿದೆ ಹೇಳು."

"ನಾನಾ?"

"ಮತ್ತೆ ನಮ್ಮ ಕೋಳಿನಾ? ಗಂಡ ಕಡಲ ಮೇಲಿರೋವಾಗ ಶುಕ್ರವಾರ ಶುಕ್ರವಾರ ಹೆಂಡತಿ ನೋಡ್ಬೇಕು. ಹೊಳೀತಿದ್ರೆ ಅವನು ಚೆನ್ನಾಗಿದಾನೆ. ಮಂಕಾಗಿದ್ರೆ ಕಾಯಿಲೆ. ಕೆಂಪಾಗಿದ್ರೆ..."

"ಕೆಂಪಾಗಿದ್ರೆ?"

"ಕೆಂಪಾದಾಗ ನೋಡ್ಕೊಳ್ಳೋಣ. ತೆಗಿ."

"ನೀವೇ ನೋಡಿ ಅತ್ತೆ, ನನಗೆ ಭಯ ಆಗತ್ತೆ."

"ಹೆತ್ತವಳು ನೋಡ್ಬಾರ್ದು. ಹೆತ್ತವಳ ಕಣ್ಣು ಬಿದ್ರೆ ಒಳ್ಳೇದಲ್ಲ. ಇಷ್ಟು ದಿನ ನನ್ನ ತಮ್ಮ ನೋಡ್ತಿದ್ದ. ಈಗ ನೀನಿದೀಯ."

ಅಷ್ಟು ಹೇಳಿ ಅಡುಗೆಮನೆ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತರು. ಅಲಗನ್ನು ಒರೆಯಿಂದ ಎಳೆಯಬಾರದು, ಒರೆಯನ್ನೇ ಅಲಗಿನಿಂದ ಸರಿಸಬೇಕು. ನಾನು ಹೆದರಿಕೆಯಲ್ಲಿ ಎಳೆದುಬಿಟ್ಟೆ. ಹೆಬ್ಬೆರಳು ಸೀಳಿತು. ಹಾವಿನಂತೆ ಬಳುಕಿದ ಅಲಗಿನ ಮೇಲೆ ನನ್ನ ರಕ್ತ ಇಳಿಯಿತು. ಒಮ್ಮೆ ರಕ್ತದ ರುಚಿ ಕಂಡ ಕೆರಿಸ್ ಮತ್ತೆ ಮತ್ತೆ ಕೇಳುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಕಿರುಚಿದೆ.

ಅತ್ತೆ ಓಡಿ ಬಂದು, ಅಲಗಿನ ಕಡೆ ನೋಡದೆ, ನನ್ನ ಬೆರಳಿಗೆ ಕಾಫಿಪುಡಿ ಒತ್ತಿದರು. "ಅದೂ ಗಂಡನೇ ಅಲ್ವೇನೇ? ಮೊದಲನೇ ದಿನ ಒಂದ್ಸಲ ಕಚ್ಚತ್ತೆ. ಅಳ್ಬೇಡ. ಅಲಗು ಹೇಗಿತ್ತು?"

"ಹೊಳೀತಿತ್ತು."

"ಅಷ್ಟೇ ಸಾಕು," ಎಂದು ಕೋಳಿಗಳನ್ನು ಬೈಯಲು ಹೋದರು. ಬೆರಳು ಈಗಲೂ ಜುಮುಗುಡುತ್ತಿದೆ. ಅಲಗನ್ನು ಒರೆಗೆ ಹಾಕುವಾಗ ಹಿಡಿ ಬೆಚ್ಚಗಿತ್ತು. ನನ್ನ ಕೈಯದೇ ಬಿಸಿ ಇರಬೇಕು. ಇರಬೇಕು.

ಷಾಬಾನ್ 24, ಭಾನುವಾರ

ತಲೆ ಬಾಚುವಾಗ ತುರುಬಿನ ಚೂರಿ ಅತ್ತೆಯ ಕಾಲ ಹತ್ತಿರ ಬಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವರು ಎತ್ತಿ ತಿರುಗಿಸಿ ನೋಡಿ, "ಇದು ಯಾರಿಗೆ, ಗಂಡನಿಗೋ ನನಗೋ?" ಎಂದರು. ಆಮೇಲೆ ಬಿದ್ದು ಬಿದ್ದು ನಕ್ಕರು. "ನಾನು ಬಂದಾಗ ನನ್ನ ಸೊಂಟದಲ್ಲೂ ಇತ್ತು. ಮೀನು ಸೀಳೋದಕ್ಕೆ ಬಿಟ್ಟು ಬೇರೇನಕ್ಕೂ ಬರ್ಲಿಲ್ಲ. ಇಟ್ಕೋ."

ಆ ಮನುಷ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಕೇಳಿದ್ದೆ. ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಸಿಟ್ಟಾ? ಹಲ್ಲಿ ಕಂಡ್ರೆ ಮಂಚ ಹತ್ತೋ ಗಂಡಸು ಅವನು," ಎಂದರು. ನಂಬುವುದೋ ಬಿಡುವುದೋ ತಿಳಿಯಲಿಲ್ಲ.

ಹಗಲೆಲ್ಲ ಗಾಳಿ. ದೋಣಿಗಳನ್ನೆಲ್ಲ ತೆಂಗಿನ ಬುಡದವರೆಗೆ ಎಳೆದು ಕಟ್ಟಿದ್ದಾರೆ. ಇನ್ನು ಮೂರು ನಾಲ್ಕು ತಿಂಗಳು ಈ ಕಡಲಿಗೆ ಯಾರೂ ಇಳಿಯುವುದಿಲ್ಲ, ಯಾರೂ ಬರುವುದಿಲ್ಲ.

ರಂಜಾನ್ 7, ಶುಕ್ರವಾರ

ಅಲಗಿನ ಮೇಲೆ ಕೆಂಪು.

ಹಿಡಿಯ ಹತ್ತಿರ, ಮೊದಲನೇ ಬಳುಕಿನಲ್ಲಿ, ಅಕ್ಕಿಕಾಳಿನಷ್ಟು. ಮೊದಲು ನನ್ನದೇ ರಕ್ತ ಒಣಗಿದ್ದು ಅಂದುಕೊಂಡೆ. ಉಗುರಿನಿಂದ ಕೆರೆದೆ. ತುಕ್ಕು.

"ಹೇಗಿದೆ?" ಅತ್ತೆ ಬಾಗಿಲಲ್ಲಿ, ಬೆನ್ನು ನನ್ನ ಕಡೆಗೆ. ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದಿದ್ದರು. ಇಷ್ಟು ದಿನ ನಾನು ಅದನ್ನು ಗಮನಿಸಿರಲಿಲ್ಲ.

"ಹೊಳೀತಿದೆ," ಎಂದೆ.

ಉಪವಾಸದ ದಿನ ಸುಳ್ಳು ಹೇಳಿದೆ. ಬಾಯಿ ಒಣಗಿ ಅಂಟಿಕೊಂಡಿದೆ.

ರಂಜಾನ್ 8, ಶನಿವಾರ

ಅತ್ತೆ ಸಂತೆಗೆ ಹೋಗಿದ್ದಾಗ ನಿಂಬೆಹಣ್ಣು ಕೊಯ್ದು, ಬೂದಿ ಹಾಕಿ, ತೆಂಗಿನ ನಾರಿನಿಂದ ಉಜ್ಜಿದೆ. ಹೋಯಿತು. ಉಪ್ಪು ಗಾಳಿಗೆ ಕಬ್ಬಿಣ ಕೆಂಪಾಗದೆ ಇನ್ನೇನಾಗುತ್ತದೆ? ಕತ್ತಿಗೂ ತುಕ್ಕು, ಕುಡುಗೋಲಿಗೂ ತುಕ್ಕು. ಅವುಗಳ ಗಂಡಂದಿರೆಲ್ಲ ಸತ್ತರೇ? ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಆದರೂ ಇನ್ನೊಂದು ಸಲ ಉಜ್ಜಿದೆ.

ರಂಜಾನ್ 20, ಗುರುವಾರ

ಪ್ರತಿ ಗುರುವಾರ ಉಜ್ಜುತ್ತೇನೆ, ಶುಕ್ರವಾರ ಹೊಳೆಯುತ್ತಿದೆ ಎನ್ನುತ್ತೇನೆ. ವಾರದಲ್ಲಿ ಮತ್ತೆ ಬರುತ್ತದೆ. ಈಗ ಎರಡು ಕಡೆ. ತುದಿಯ ಹತ್ತಿರ ಒಂದು ಗೆರೆ. ಅಲಗಿನ ಮೈಮೇಲಿನ ನೀರಿನ ಸುಳಿಯಂಥ ಚಿತ್ತಾರ ನನ್ನ ಉಜ್ಜಾಟಕ್ಕೆ ಮಾಸುತ್ತಿದೆಯೇನೋ ಎಂದು ಹೆದರಿಕೆ. ಅದೂ ಅವರದ್ದೇ ಅಲ್ಲವೇ. ಹಡಗಿನಿಂದ ಬಂದು ನೋಡಿದರೆ ಏನನ್ನುತ್ತಾರೆ?

ಇಂದು ಉಪವಾಸ ಬಿಡುವಾಗ ಅತ್ತೆ, ಈಗೀಗ ನಾನೂ ಅಮ್ಮ ಎಂದೇ ಕರೆಯುತ್ತೇನೆ, ಖರ್ಜೂರದ ಒಂದು ಹೋಳು ಪಕ್ಕಕ್ಕೆ ಇಟ್ಟರು. ಯಾರಿಗೆ ಎಂದು ಕೇಳಲಿಲ್ಲ. ಕಡಲಲ್ಲಿರುವವರು ಚಿಕ್ಕಂದಿನಲ್ಲಿ ಅನ್ನಕ್ಕೂ ಸಕ್ಕರೆ ಕಲಸಿ ತಿನ್ನುತ್ತಿದ್ದರಂತೆ.

ಶವ್ವಾಲ್ 1, ಸೋಮವಾರ

ಹಬ್ಬ. ಮನೆಗೆ ಹೆಂಗಸರು ಬಂದರು. ಆಚೆಮನೆಯ ಮುನಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಬ್ಬಿಣದ ಪಕ್ಕ ಕೂತವಳ ಕಾಲ್ಗುಣ. ಆವತ್ತಿಂದ ಹಡಗಿನ ಸುದ್ದಿಯೇ ಇಲ್ಲ," ಎಂದಳು.

ಅಮ್ಮ ಕೈಲಿದ್ದ ಕಡುಬಿನ ತಟ್ಟೆಯನ್ನು ಅವಳ ಮುಂದಿನಿಂದ ಎತ್ತಿಕೊಂಡರು. "ನಿನ್ನ ಗಂಡ ಮನೇಲೇ ಇದಾನಲ್ಲ ಮುನಾ, ಅವನ ಸುದ್ದಿ ಏನಾದ್ರೂ ಉಂಟಾ? ಹೋಗಿ ಅದನ್ನ ನೋಡ್ಕೋ."

ಮುನಾ ಎದ್ದು ಹೋದಳು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಅವಳು ಹೇಳಿದ್ದು ನಿಜವಾಗಿದ್ದರೆ? ಬಾರದಿರಲಿ ಎಂದು ಆ ದಿನ ನಾನೇ ಬಯಸಿದ್ದೆನಲ್ಲ.

ಶವ್ವಾಲ್ 11, ಗುರುವಾರ

ಇದನ್ನು ಬರೆಯಲೇ ಬೇಡವೇ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ.

ಉಜ್ಜಲೆಂದು ಕೆರಿಸ್ ತೆಗೆದೆ. ತುಕ್ಕು ಇರಲಿಲ್ಲ. ಸೋಮವಾರ ನಾನೇ ನೋಡಿದ್ದೆ, ತುದಿಯಿಂದ ಮೂರನೇ ಬಳುಕಿನವರೆಗೆ ಕೆಂಪು ಹತ್ತಿತ್ತು. ಈಗ ಅಲಗು ಮೊನ್ನೆ ತಾನೇ ಮಾಡಿಸಿದ ಹಾಗಿದೆ, ಗಂಧದೆಣ್ಣೆಯ ವಾಸನೆ ಬೇರೆ. ನಾನು ಯಾವತ್ತೂ ಎಣ್ಣೆ ಹಚ್ಚಿಲ್ಲ. ಈ ಮನೆಯಲ್ಲಿ ಅದನ್ನು ಮುಟ್ಟುವವಳು ನಾನೊಬ್ಬಳೇ.

ತಾನೇ ತೊಳೆದುಕೊಳ್ಳುವ ಕೆರಿಸ್‌ಗಳ ಕಥೆ ಅಜ್ಜಿ ಹೇಳಿದ್ದುಂಟು. ಒಡೆಯನ ಜೀವ ಅದರೊಳಗೆ ಬಂದು ಸೇರಿದಾಗ ಹಾಗಾಗುತ್ತದಂತೆ. ಜೀವ ಯಾವಾಗ ಬಂದು ಸೇರುತ್ತದೆ ಎಂದು ನಾನು ಅಜ್ಜಿಯನ್ನು ಕೇಳಿರಲಿಲ್ಲ. ಕೇಳಬೇಕಾಗಿಯೂ ಇಲ್ಲ.

ಒರೆಗೆ ಹಾಕಿ ಅಂಗಳಕ್ಕೆ ಓಡಿದೆ. ಅಮ್ಮ ಮೀನು ಹರವುತ್ತಿದ್ದರು. "ಯಾಕೆ, ಹಲ್ಲಿ ಕಂಡ್ಯಾ?" ಎಂದರು. ಅವರ ಪಕ್ಕದಲ್ಲಿ ಸಂಜೆಯವರೆಗೂ ಮೀನು ತಿರುವಿ ಹಾಕಿದೆ. ಒಳಗೆ ಒಬ್ಬಳೇ ಹೋಗಲಿಲ್ಲ.

ಶವ್ವಾಲ್ 18, ಗುರುವಾರ

ಸೋಮವಾರ ಒರೆಯ ಬಾಯಿಗೆ ನನ್ನ ಒಂದು ಕೂದಲು ಸುತ್ತಿಟ್ಟಿದ್ದೆ. ಇಂದು ನೋಡಿದರೆ ಕೂದಲು ಇಲ್ಲ, ತುಕ್ಕೂ ಇಲ್ಲ.

ನನಗೆ ಜ್ವರ ಬಂದಂತಾಗಿದೆ. ಕಂಬದ ಮುಂದೆ ನಿಂತು ಅವರನ್ನೇ ಕೇಳಿಬಿಟ್ಟೆ, ನೀವು ಬಂದಿದ್ದೀರಾ ಎಂದು. ಬಂದಿದ್ದರೆ ಹೇಳಿ, ಅಮ್ಮನಿಗೆ ಹೇಳುವುದು ಹೇಗೆ ಎಂದು ಯೋಚಿಸಬೇಕು, ಎಂದೆ. ಏನೂ ಇಲ್ಲ. ಒರೆಯನ್ನು ಬೋರಲು ಹಾಕಿ ತಟ್ಟಿದೆ. ಒಂದು ನಿಂಬೆಬೀಜ ಬಿತ್ತು.

ನಾನು ಉಜ್ಜುವುದು ಒಲೆಯ ಹತ್ತಿರ, ಬೀಜ ತೆಗೆದು. ಜೀವ ಬಂದು ಸೇರಿದ್ದರೂ ಅದಕ್ಕೆ ನಿಂಬೆಹಣ್ಣು ಕೊಟ್ಟವರು ಯಾರು?

ಶವ್ವಾಲ್ 24, ಬುಧವಾರ

ಬಾವಿಗೆ ಹೋಗುತ್ತೇನೆಂದು ಹೇಳಿ, ಕೊಡ ಮೆಟ್ಟಿಲ ಕೆಳಗಿಟ್ಟು, ಹಿಂಬಾಗಿಲಿನಿಂದ ಬಂದೆ.

ಅಮ್ಮ ನಡುಕೋಣೆಯಲ್ಲಿ ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ಬರಿಯ ಅಲಗು. ನೋಡಬಾರದೆಂದು ಪ್ರತಿ ಶುಕ್ರವಾರ ಬೆನ್ನು ತಿರುಗಿಸುವವರು ಅದಕ್ಕೆ ಮುಖ ಹತ್ತಿರ ಹಿಡಿದು, ಅರ್ಧ ನಿಂಬೆಹಣ್ಣಿನಿಂದ ಉಜ್ಜುತ್ತಿದ್ದರು. ಉಜ್ಜುತ್ತಾ ಬೈಯುತ್ತಿದ್ದರು. "ಎಲ್ಲಿ ಹೋಗಿ ಸತ್ತಿದೀಯೋ, ನೆನೆದ ಬಟ್ಟೇಲಿ ಕೂರ್ಬೇಡ ಅಂತ ಎಷ್ಟು ಸಲ ಹೇಳ್ಲಿ, ನೋಡು ಹೇಗೆ ಕೆಂಪಾಗಿದೀಯ."

ಚಿಕ್ಕ ಮಗುವಿನ ಮೈ ತಿಕ್ಕುವ ಹಾಗೆ ತಿಕ್ಕುತ್ತಿದ್ದರು. ನನ್ನ ಕಾಲಡಿಯ ಹಲಗೆ ಕಿರುಗುಟ್ಟಿತು. ಅಮ್ಮ ತಿರುಗಿ ನೋಡಿದರು. ಮುಚ್ಚಿಡಲು ಹೋಗಲಿಲ್ಲ.

"ನೀವು ನೋಡ್ಬಾರ್ದು ಅಂದಿದ್ರಿ," ಎಂದೆ. ಹುಚ್ಚಿಯ ಹಾಗೆ ಅದೊಂದೇ ಮಾತು ಬಂತು.

"ನಿನ್ನ ಕೈ ಪ್ರತಿ ಗುರುವಾರ ನಿಂಬೆ ವಾಸನೆ ಹೊಡೀತಿತ್ತು ಕಣೇ. ಮೀನು ಹರವೋ ಮನೇಲಿ ಅಷ್ಟು ನಿಂಬೆ ಯಾರಿಗೆ? ಅವತ್ತೇ ಗೊತ್ತಾಯ್ತು."

"ಗೊತ್ತಿದ್ದೂ ಪ್ರತಿ ಶುಕ್ರವಾರ ಕೇಳ್ತಿದ್ರಲ್ಲಮ್ಮ?"

"ಕೇಳ್ದಿದ್ರೆ ನನಗೆ ಗೊತ್ತು ಅಂತ ನಿನಗೆ ಗೊತ್ತಾಗ್ತಿರ್ಲಿಲ್ವಾ?" ಮೂಗು ಒರೆಸಿಕೊಂಡರು. "ನೀನು ಹೊಳೀತಿದೆ ಅಂದಾಗ ಅದು ನಿಜವಾಗ್ಲೂ ಹೊಳೀತಿರ್ಲಿ ಅಂತ ಉಜ್ಜಿಟ್ಟೆ. ನಮ್ಮನೆಗೆ ಬಂದ ಮಗು ವಾರ ವಾರ ಸುಳ್ಳು ಹೇಳೋ ಹಾಗಾಗ್ಬಾರ್ದು."

ನಾನು ಪಕ್ಕದಲ್ಲಿ ಕೂತು ಇನ್ನರ್ಧ ನಿಂಬೆ ತೆಗೆದುಕೊಂಡೆ. ಅವರು ಹಿಡಿಯ ಕಡೆಯಿಂದ, ನಾನು ತುದಿಯ ಕಡೆಯಿಂದ. ತುಕ್ಕು ಒಳಗೆ ಇಳಿದಿದೆ, ಬೆರಳಾಡಿಸಿದರೆ ಗುಳಿ ಗುಳಿ ಸಿಗುತ್ತದೆ. ಇಬ್ಬರಿಗೂ ಸಿಕ್ಕಿತು. ಹೆದರಿಕೆ ಮೊದಲಿಗಿಂತ ಹೆಚ್ಚಾಗಿದೆ. ಮೊದಲು ನಾನೊಬ್ಬಳೇ ಹೆದರುತ್ತಿದ್ದೇನೆ ಎಂದುಕೊಂಡಿದ್ದೆ.

ಜುಲ್‌ಕಾದ 11, ಶುಕ್ರವಾರ

ಅಮ್ಮ ಇಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಒಟ್ಟಿಗೆ ಎಣ್ಣೆ ಹಚ್ಚಿದೆವು.

ಜುಲ್‌ಹಜ್ 10, ಶನಿವಾರ

ಬಕ್ರೀದ್. ಕಡಲು ಮಲಗಿದೆ. ಉತ್ತರದಿಂದ ಮೊದಲ ಹಾಯಿಗಳು ಬರುತ್ತಿವೆ. ನಾನು ಅಮ್ಮ ಬೆಳಿಗ್ಗೆಯಿಂದ ದಂಡೆಯಲ್ಲೇ ಇದ್ದೆವು. ಪ್ರತಿ ಹಾಯಿ ಕಂಡಾಗಲೂ ಅಮ್ಮ ನನ್ನ ತೋಳು ಹಿಡಿಯುತ್ತಿದ್ದರು, ಹತ್ತಿರ ಬಂದಾಗ ಬಿಡುತ್ತಿದ್ದರು. ತಂಡೇಲರ ಹಡಗಿನ ಹಾಯಿಗೆ ಎಡಮೂಲೆಯಲ್ಲಿ ಕಂದು ತೇಪೆ ಇದೆಯಂತೆ. ಕಣ್ಣು ಉರಿಯುವವರೆಗೂ ಕಂದು ತೇಪೆ ಹುಡುಕಿದೆ.

ಹೊಸ ಬಟ್ಟೆ ಉಟ್ಟಿದ್ದೆ. ಮುಖದ ಗುರುತಿಲ್ಲದವರ ಎದುರು ಹೇಗೆ ನಿಲ್ಲುವುದು ಎಂದು ಹೆದರಿಕೆ. ನಿಲ್ಲುವ ಹಾಗಾಗದಿದ್ದರೆ ಎಂದು ಇನ್ನೊಂದು ಹೆದರಿಕೆ.

ಜುಲ್‌ಹಜ್ 19, ಸೋಮವಾರ

ಜೂಸೋ ಬಂದ. ಅವರ ಹಡಗಿನ ಅಡುಗೆಯವನು. ಬೇರೆಯವರ ದೋಣಿಯಲ್ಲಿ, ಎಲುಬಿನ ಹಂದರವಾಗಿ ಬಂದ. ಮೆಟ್ಟಿಲ ಕೆಳಗೆ ಕೂತುಬಿಟ್ಟ, ಮೇಲೆ ಹತ್ತಲಿಲ್ಲ. ಆಗಲೇ ತಿಳಿಯಿತು.

ಹಡಗು ಒಡೆದದ್ದು ಮೊದಲನೇ ಬಿರುಗಾಳಿಯಲ್ಲೇ. ಹಲಗೆ ಹಿಡಿದು ತೇಲಿದ ಇವನನ್ನು ಸಿಯಾಮಿನ ಮೀನುಗಾರರು ಎತ್ತಿಕೊಂಡರಂತೆ. ಕಡಲು ತೆರೆಯುವವರೆಗೆ ಅಲ್ಲೇ ಜ್ವರದಲ್ಲಿ ಬಿದ್ದಿದ್ದ. ಬೇರೆ ಯಾರೂ ಉಳಿಯಲಿಲ್ಲ. ತಂಡೇಲರು ಮುಳುಗಿದ್ದನ್ನು ಅವನು ಕಣ್ಣಾರೆ ಕಂಡ.

"ಆ ಗಾಳೀಲೂ ನಗಿಸ್ತಿದ್ರಮ್ಮ. ನನ್ನ ಕೆರಿಸ್‌ದು ನನಗಿಂತ ಒಳ್ಳೆ ನಸೀಬು ಕಣೋ ಜೂಸೋ, ಒಣನೆಲದ ಮೇಲೆ ಹೆಂಡತಿ ಪಕ್ಕ ಕೂರತ್ತೆ ಅಂತಿದ್ರು."

ಅಮ್ಮ ಅಳಲಿಲ್ಲ, ಬೈಯಲಿಲ್ಲ. ಅವನಿಗೆ ಅನ್ನ ಬಡಿಸಿದರು.

ಜುಲ್‌ಹಜ್ 20, ಮಂಗಳವಾರ

ಇಮಾಮರು ಬಂದರು. ಉಸೋಫ್ ಮಾವ ಬಂದರು, ಜೂಸೋನನ್ನೂ ಕರೆಸಿದರು. ನಾನು ಪರದೆಯ ಹಿಂದೆ ಕೂತಿದ್ದೆ.

ಹಡಗು ಒಡೆದದ್ದು ಯಾವ ದಿನ ಎಂದು ಇಮಾಮರು ಕೇಳಿದರು. ಜೂಸೋ ತಲೆ ಕೆರೆದುಕೊಂಡ. "ದಿನಗಟ್ಟಲೆ ಸೂರ್ಯನೇ ಕಾಣ್ಲಿಲ್ಲ. ಮದುವೆ ವಾರವೇ ಅದು, ಬುಧವಾರವೋ ಶುಕ್ರವಾರವೋ, ಹೇಗೆ ಹೇಳ್ಲಿ?"

ಇಮಾಮರು ಪರದೆಯ ಕಡೆ ತಿರುಗಿದರು. "ಕೇಳು ಮಗಳೇ. ನಿಕಾಹ್ ಆಗಿದ್ದು ಗುರುವಾರ. ಅವನು ಬುಧವಾರವೇ ತೀರಿಕೊಂಡಿದ್ರೆ ಆ ನಿಕಾಹ್ ನಿಕಾಹೇ ಅಲ್ಲ. ನೀನು ಮದುವೆಯಾಗದ ಹುಡುಗಿ. ಅಪ್ಪ ಬಂದ ಕೂಡಲೇ ಮನೆಗೆ ಹೋಗ್ಬಹುದು, ನಿನ್ನ ಶಾಲೆಗೂ ಹೋಗ್ಬಹುದು, ಯಾರೂ ಬೆರಳು ತೋರಿಸೋ ಹಾಗಿಲ್ಲ. ಶುಕ್ರವಾರ ಆಗಿದ್ರೆ ನೀನು ವಿಧವೆ. ವಿಧವೆ ಕಾಯ್ಬೇಕಾದ ಇದ್ದತ್‌ನ ತಿಂಗಳುಗಳು ಗೊತ್ತಿಲ್ಲದೇ ಕಳೆದುಹೋಗಿವೆ, ಆದರೆ ಆ ಹೆಸರು ಹೋಗಲ್ಲ."

"ಬುಧವಾರ," ಎಂದರು ಅಮ್ಮ.

"ನಿನಗೆ ಹೇಗೆ ಗೊತ್ತು ಬೆದಾ?"

"ಮದುವೆಗೆ ಕೊಟ್ಟು ಕಳಿಸೋ ಮುಂಚೆ ಅಲಗು ನೋಡಿದೆ. ಕೆಂಪಾಗಿತ್ತು. ಉಜ್ಜಿ ಕಳಿಸಿದೆ. ತಪ್ಪು ನನ್ನದು. ಹುಡುಗೀನ ಬಿಟ್ಟುಬಿಡಿ."

ಅಮ್ಮ ಯಾರನ್ನೂ ಬೈಯದೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅದಕ್ಕೇ ಸುಳ್ಳೆಂದು ತಿಳಿಯಿತು. ಅಥವಾ ನಿಜವೋ. ಈಗಲೂ ಗೊತ್ತಿಲ್ಲ.

"ಕಬ್ಬಿಣದ ಸಾಕ್ಷಿ ನಾನು ತಗೊಳ್ಳಲ್ಲ," ಎಂದರು ಇಮಾಮರು. "ಈ ಗಾಳಿಗೆ ನಮ್ಮನೆ ಕೊಡಲೀನೂ ಕೆಂಪಾಗತ್ತೆ. ಜೂಸೋ, ನೀನು ನೆನಪು ಮಾಡ್ಕೊಂಡು ಹೇಳು."

ಜೂಸೋ ಅಮ್ಮನ ಮುಖ ನೋಡಿದ. ಅಮ್ಮ ಅವನನ್ನೇ ನೋಡುತ್ತಿದ್ದರು. "ಬುಧವಾರ... ಇರ್ಬಹುದು," ಎಂದ.

ನಾನು ಪರದೆ ಸರಿಸಿ ಹೊರಗೆ ಬಂದೆ. ಗೋಡೆ ಹಿಡಿದುಕೊಂಡೆ. "ಗುರುವಾರ ಸಂಜೆ ಅವರು ಬದುಕಿದ್ದರು," ಎಂದೆ.

"ನೀನು ಹೇಗೆ ಹೇಳ್ತೀಯ ಮಗಳೇ?"

"ಪಕ್ಕದಲ್ಲಿ ಕೂತಿದ್ದವಳು ನಾನು."

ಇಮಾಮರು ಗಡ್ಡ ನೀವಿಕೊಂಡರು, ಜೂಸೋನ ಕಡೆ ಒಮ್ಮೆ ನೋಡಿದರು. "ಇವನದು ಇರ್ಬಹುದು ಅನ್ನೋ ಮಾತು. ಸತ್ತದ್ದು ಖಚಿತ ಆಗೋವರೆಗೆ ಮನುಷ್ಯ ಬದುಕಿದಾನೆ ಅಂತಲೇ ಲೆಕ್ಕ. ನಿಕಾಹ್ ನಿಲ್ಲತ್ತೆ," ಎಂದು ಎದ್ದರು. ಮಾವನೂ ಎದ್ದರು.

ಅವರು ಮೆಟ್ಟಿಲಿಳಿಯುವವರೆಗೆ ಅಮ್ಮ ಕಾದರು. ಆಮೇಲೆ ಶುರುವಾಯಿತು. "ಬುದ್ಧಿಗೆಟ್ಟವಳೇ! ಬಾಗಿಲು ತೆಗೆದು ಹಿಡ್ಕೊಂಡಿದ್ದೆ, ನೀನೇ ಮುಚ್ಕೊಂಡ್ಯಲ್ಲೇ! ಅವನ ಮುಖವಾದ್ರೂ ನೋಡಿದ್ಯಾ ನೀನು? ನಿನ್ನಪ್ಪ ಬಂದು ಕೇಳಿದ್ರೆ ಏನು ಹೇಳ್ಲಿ?" ಬೈಯುತ್ತಾ ಬೈಯುತ್ತಾ ನನ್ನ ಹೆಗಲಿಗೆ ತಲೆ ಇಟ್ಟು ದೊಡ್ಡ ದನಿಯಲ್ಲಿ ಅತ್ತರು. ನಿನ್ನೆಯಿಂದ ಅತ್ತಿರಲಿಲ್ಲ.

ಇಮಾಮರ ಎದುರು ಸುಳ್ಳು ಹೇಳಿದೆನೋ ಏನೋ, ಬಹಳ ಹೆದರಿಕೆಯಾಗುತ್ತಿದೆ. ಅಪ್ಪ ಏನನ್ನುತ್ತಾರೋ. ಅಮ್ಮ ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಕುಡಿದಿಲ್ಲ. ಒಲೆ ತಣ್ಣಗಾಗಿದೆ. ಎದ್ದು ಅವರಿಗೆ ಗಂಜಿ ಕಾಸಬೇಕು.